ಒಂದಕ್ಷರದ ಊರು

ಯಾರಾದರೂ ಕೂಗಿದರೆ ನಾವು ಓ ಎನ್ನುತ್ತೇವಲ್ಲ,
ಅಷ್ಟೇ ಆ ಊರಿನ ಹೆಸರು.
ನಾರ್ವೆಯ ಲೋಫೋಟೆನ್ ದ್ವೀಪಗಳಲ್ಲಿ
ರಸ್ತೆ ಸಾಕಾಗಿ ನಿಂತುಬಿಡುವ ಕಡೆ.
ಅವರ ಲಿಪಿಯಲ್ಲೂ ಅದು ಒಂದೇ ಅಕ್ಷರ,
ನೆತ್ತಿಯ ಮೇಲೊಂದು ಪುಟ್ಟ ಸೊನ್ನೆ,
ವರ್ಣಮಾಲೆಯಲ್ಲಿ ಕಟ್ಟಕಡೆಯದು.
ಅರ್ಥ ಕೇಳಿದರೆ, ಹಳ್ಳ.
ಹಳ್ಳವೂ ಅಂಥ ಉದ್ದವಿಲ್ಲ.

ಅಲ್ಲಿ ಹಿಲ್ಡುರಳ ಫ್ರೀಜರಿನ ಬಾಗಿಲು
ಮುಚ್ಚಿದರೂ ಮುಚ್ಚದು.
ಅಂಚಿನ ರಬ್ಬರು ಹಲ್ಲುದುರಿದ ಒಸಡಿನ ಹಾಗೆ.
ಒಳಗೆ ಕಾಡ್ ಮೀನಿನ ನಾಲಗೆ ಹನ್ನೆರಡು ಕಿಲೋ,
ಕಾಡುಬೆರ್ರಿ, ಯಾವುದೋ ಮದುವೆಯ ಅರ್ಧ ಕೇಕು,
ಎಲ್ಲ ಮೆಲ್ಲಗೆ ಬೆವರುತ್ತಿವೆ.
ಆನ್‌ಲೈನಲ್ಲಿ ತರಿಸಿಕೋ, ನಾಲ್ಕೇ ದಿನ,
ಎಂದ ಔಡುನ್, ಅಂಚೆ ವ್ಯಾನಿನವನು.

ಕೂತಳು. ಕನ್ನಡಕ ಒರೆಸಿದಳು.
ಹೆಸರು: ಒಪ್ಪಿತು.
ಮನೆ ನಂಬರು: ಒಪ್ಪಿತು.
ಊರು: ಓ.
ಕೆಂಪಗೆ ಎದ್ದಿತೊಂದು ಸಾಲು,
ಕನಿಷ್ಠ ಎರಡು ಅಕ್ಷರ ಬೇಕು.

ಅಕ್ಷರದ ಪಕ್ಕ ಒಂದು ಖಾಲಿ ಜಾಗ ಬಿಟ್ಟಳು.
ಜಾಣ ಯಂತ್ರ, ಖಾಲಿಯನ್ನು ನುಂಗಿ
ಮತ್ತೆ ಕೆಂಪಾಯಿತು.
ಅಜ್ಜನ ಕಾಲದಲ್ಲಿ ಎರಡು ಎ ಬರೆಯುತ್ತಿದ್ದರಂತೆ,
ಹಾಗೇ ಬರೆದಳು.
ಆಖೆನ್, ಜರ್ಮನಿ ಎಂದಿರಾ? ಕೇಳಿತು.
ಅಲ್ಲವೇ ಅಲ್ಲ ಎಂದಳು, ಪರದೆಗೆ, ಬಾಯಿಬಿಟ್ಟು.
ಪರದೆಗೆ ಕಿವಿ ಎಲ್ಲಿ?
ಅಷ್ಟರಲ್ಲಿ ಹೊತ್ತು ಮೀರಿತೆಂದು
ಬರೆದದ್ದನ್ನೆಲ್ಲ ಅಳಿಸಿ
ಪರಿಚಯವೇ ಇಲ್ಲದವರ ಹಾಗೆ
ಮೊದಲಿಂದ ಹೆಸರು ಕೇಳಿತು.

ಫೋನು ಮಾಡಿದಳು.
ಇಂಪಾದ ದನಿ, ಮನುಷ್ಯರದಲ್ಲ:
ನಿಮ್ಮ ಊರಿನ ಹೆಸರು ಹೇಳಿ.
ಓ.
ಕೇಳಿಸಲಿಲ್ಲ, ದಯವಿಟ್ಟು ಇನ್ನೊಮ್ಮೆ.
ಓ!
ನಿಮಗೆ ನೋವಾಗುತ್ತಿದೆಯೇ?
ಹೌದಾದರೆ ಒಂದನ್ನು ಒತ್ತಿ.

ಆಮೇಲೆ ಇಪ್ಪತ್ತೇಳು ನಿಮಿಷ ಪಿಯಾನೋ.
ಅವವೇ ಏಳು ಸ್ವರ. ಎಂಟನೆಯದು ಬಂದೀತೆಂದು ಕಾಯುತ್ತ
ಒಂದು ಕಾಲುಚೀಲದ ಹಿಮ್ಮಡಿ ಹೆಣೆದು ಮುಗಿಸಿದಳು.

ಕೊನೆಗೊಂದು ನಿಜವಾದ ಉಸಿರು.
ರೀಗಾದಿಂದ ಲೈಮಾ ಎಂಬ ಹುಡುಗಿ, ನೆಗಡಿಯ ಮೂಗು.
ಊರು?
ಓ.
ಸ್ವಲ್ಪ ಬಿಡಿಸಿ ಹೇಳ್ತೀರಾ?
ಬಿಡಿಸೋಕೆ ಅದೇನು ಬಟಾಣಿಯೇ, ತಾಯಿ?
ಓ. ಅಷ್ಟೇ.
ಟಕಟಕ ಸದ್ದು. ಲೈಮಾ ಸೀನಿದಳು.
ಆಯ್ತು, ತಕರಾರಿಲ್ಲದೆ ತಗೊಂಡಿತು ನೋಡಿ.

ನಾಲ್ಕು ದಿನವಲ್ಲ, ಹನ್ನೊಂದು.
ವ್ಯಾನಿಂದ ಇಳಿಯುವಾಗಲೇ ಔಡುನ್ ನಗುತ್ತಿದ್ದ.
ಪೊಟ್ಟಣದ ಮೇಲೆ ದಪ್ಪಕ್ಷರ:
ಹಿಲ್ಡುರ್, ಮನೆ ಹದಿನಾಲ್ಕು,
ಊರು, ಓ ಅಷ್ಟೇ.

ಈಗ ಅದೇ ಹೆಸರು ಬಿದ್ದುಬಿಟ್ಟಿದೆ.
ವಿಮೆಯ ಕಾಗದ, ಬೂಟಿನಂಗಡಿಯ ಜಾಹೀರಾತು,
ಹಲ್ಲಿನ ಡಾಕ್ಟರು ಕಳಿಸುವ ಎಸ್ಸೆಮ್ಮೆಸ್ಸು,
ಎಲ್ಲವೂ ಓ ಅಷ್ಟೇ ಊರಿಗೆ.
ಯಂತ್ರ ಯಂತ್ರದ ಕಿವಿ ಕಚ್ಚಿದೆ;
ಪರದೆಗಿಲ್ಲದ ಕಿವಿ ಆಗ ಎಲ್ಲಿಂದ ಬಂತೋ.
ಪ್ರವಾಸಿಗಳು ಊರಿನ ಬೋರ್ಡು ಕದ್ದೊಯ್ಯುವುದು ಹಳೇ ಕಥೆ,
ಪುಟ್ಟದು, ಕಾರಿನ ಡಿಕ್ಕಿಗೆ ಹಿಡಿಸುತ್ತದೆ.
ಹೊಸ ಹೆಸರಿನದು ಮಾಡಿಸೋಣ,
ಹೊತ್ತುಕೊಂಡು ಹೋಗಲಿ ನೋಡೋಣ,
ಎನ್ನುತ್ತಾನೆ ಔಡುನ್.

ರಬ್ಬರೇ? ಹಾಂ, ಅದು.
ಮೂರು ಬದಿ ಸರಿಯಾಗಿ ಕೂತಿತು.
ನಾಲ್ಕನೆಯ ಮೂಲೆಯಲ್ಲಿ ಎರಡು ಬೆರಳು ಗಿಡ್ಡ.
ಅಲ್ಲಿಗೆ ಹಳೇ ಬಲೆಯ ಹಗ್ಗ ತುರುಕಿ
ಬಾಗಿಲಿಗೆ ಕುರ್ಚಿ ಒರಗಿಸಿದಳು.

ಅಂದು ರಾತ್ರಿಯೇ ಬಂತು ಓಲೆ:
ನಮ್ಮ ಸೇವೆ ಹೇಗಿತ್ತು? ಮನಸ್ಸು ಬಿಚ್ಚಿ ಬರೆಯಿರಿ.
ಕನಿಷ್ಠ ಇಪ್ಪತ್ತು ಅಕ್ಷರ.

ಹಿಲ್ಡುರ್ ಬಲಗಡೆಯ ಆ ಒಂದು ಕೀಲಿಗೆ
ಬೆರಳಿಟ್ಟಳು. ಎತ್ತಲಿಲ್ಲ.
ಓಓಓಓಓಓಓಓಓಓಓಓಓಓಓಓಓಓಓಓ
ಇಪ್ಪತ್ತು ಸಲ ತನ್ನೂರು.

ಹಸಿರು ಗುರುತು ಮೂಡಿತು.
ವಿವರವಾದ ಉತ್ತರಕ್ಕೆ ಧನ್ಯವಾದ,
ಎಂದಿತು ಯಂತ್ರ.